ಪೀರಮ್ಮನ ನಗುವಿನ ಮೇಲೊಂದು ರಿಟ್ ಅರ್ಜಿ

ಪೀರಮ್ಮನಿಗೆ ನಗು ಬರುವುದು ಬೇರೆಯವರಿಗೆ ಸೀನು ಬಂದ ಹಾಗೆ. ಬರುತ್ತಿದೆ ಎಂದು ಮೊದಲು ಅವಳಿಗೇ ಗೊತ್ತಾಗುತ್ತದೆ. ಮೂಗು ಒತ್ತಿಕೊಳ್ಳುತ್ತಾಳೆ, ಸೆರಗು ಕಚ್ಚುತ್ತಾಳೆ, ಆಮೇಲೆ ಅದು ತನ್ನ ಪಾಡಿಗೆ ತಾನು ಹೊರಟೇ ಬಿಡುತ್ತದೆ. ಮೊದಲು ಬಿಕ್ಕಳಿಕೆಯಂಥ ಒಂದು ಸದ್ದು, ನಂತರ ಉದ್ದನೆಯ ಒಂದು ಎಳೆತ, ಕೊನೆಗೆ ಪಕ್ಕದವರ ಹೆಗಲು ಹಿಡಿದು ಬಾಗುವುದು. ಸುರಪುರದ ಹತ್ತಿರದ ಅವಳ ಊರಿನಲ್ಲಿ, ಮದುವೆಯ ದಿನ ತಾಳಿ ಕಟ್ಟುವ ಹೊತ್ತಿಗೆ ಅಯ್ಯನವರ ಕನ್ನಡಕ ಅಕ್ಕಿಯ ಪರಾತಕ್ಕೆ ಬಿದ್ದಾಗಲೂ ಹೀಗೇ ಆಗಿತ್ತು. ಮದುವೆ ಗಂಡು ಹಂಪಣ್ಣ ತಾಳಿ ಕೈಯಲ್ಲಿ ಹಿಡಿದುಕೊಂಡು, ಇವಳ ನಗು ಮುಗಿಯಲಿ ಎಂದು ಸುಮ್ಮನೆ ಕಾದು ನಿಂತಿದ್ದ. ಹಂಪಣ್ಣ ನಗುವವನಲ್ಲ, ಕಾಯುವವನು. ಮನೆಗಳಿಗೆ ಟೈಲ್ಸ್ ಕೂರಿಸುವುದು ಅವನ ಕಸುಬು. ಸಿಮೆಂಟು ಒಣಗುವುದನ್ನು ಕಾದೂ ಕಾದೂ ಬಂದ ಗುಣವೋ ಏನೋ.

ಗಂಡ ಹೆಂಡತಿ ಬೆಂಗಳೂರಿಗೆ ಬಂದು ಲಿಂಗರಾಜಪುರದಲ್ಲಿ ಮುನಿಶಾಮಮ್ಮನ ವಠಾರದ ಒಂದು ರೂಮು ಹಿಡಿದರು. ಪೀರಮ್ಮ ಮೊದಮೊದಲು ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದವಳು, ಆಮೇಲೆ ಹಲಸೂರು ಕೆರೆಯ ಕಡೆಯ ಒಂದು ದೊಡ್ಡ ಹೋಟೆಲಿನ ಲಾಂಡ್ರಿಗೆ ಸೇರಿಕೊಂಡಳು. ಹೋಟೆಲಿಗೆ ಬರುವವರು ಕಾರಿಳಿದು ಗಾಜಿನ ಬಾಗಿಲಿನಿಂದ ಒಳಗೆ ಹೋಗುತ್ತಾರೆ. ಲಾಂಡ್ರಿಯವರು ಹಿಂದಿನ ಗೇಟಿನಿಂದ ಬಂದು ನೆಲಮಾಳಿಗೆಗೆ ಇಳಿಯುತ್ತಾರೆ. ಅಲ್ಲಿ ಮಂಚದಷ್ಟು ಅಗಲದ ಬಿಸಿ ರೋಲರಿನ ಮಶೀನೊಂದಿದೆ. ಒಗೆದ ಬೆಡ್‌ಶೀಟಿನ ಒಂದು ಅಂಚನ್ನು ಪೀರಮ್ಮ, ಇನ್ನೊಂದು ಅಂಚನ್ನು ವಾಜಿದಾ ಹಿಡಿದು ಅದರ ಬಾಯಿಗೆ ಕೊಡಬೇಕು. ವಾಜಿದಾ ಶಿವಾಜಿನಗರದವಳು. ಗಂಡ ಯಾಸಿರ್ ಅಲ್ಲೇ ಚಪ್ಪಲಿ ಅಂಗಡಿಯಲ್ಲಿ ಕೂರುತ್ತಾನೆ. ಒಂದೇ ಬಟ್ಟೆಯ ಎರಡು ತುದಿ ಹಿಡಿದು ವರ್ಷಗಟ್ಟಲೆ ಎದುರುಬದುರು ನಿಂತ ಮೇಲೆ ಇಬ್ಬರು ಹೆಂಗಸರ ನಡುವೆ ಗುಟ್ಟು ಏನು ಉಳಿಯುತ್ತದೆ. ಪೀರಮ್ಮನ ಗಂಟಲಿನಲ್ಲಿ ನಗು ಯಾವಾಗ ಏಳುತ್ತದೆ ಎಂಬುದು ಪೀರಮ್ಮನಷ್ಟೇ ಚೆನ್ನಾಗಿ ವಾಜಿದಾಗೂ ಗೊತ್ತು.

ಆ ವರ್ಷ ಹೋಟೆಲಿಗೆ ಹೊಸ ಜನರಲ್ ಮ್ಯಾನೇಜರ್ ಬಂದರು. ಕಿರಣಕುಮಾರ್ ಎಂದು ಹೆಸರು. ಕೆಟ್ಟ ಮನುಷ್ಯರೇನಲ್ಲ. ಎಲ್ಲರ ಹೆಸರು ನೆನಪಿಟ್ಟುಕೊಳ್ಳುತ್ತಿದ್ದರು, ಬೆಳಿಗ್ಗೆ ಅಡುಗೆಮನೆಗೆ ಬಂದು ಇಡ್ಲಿ ಮುಟ್ಟಿ ನೋಡುತ್ತಿದ್ದರು. ಒಂದೇ ಒಂದು ತೊಂದರೆ ಎಂದರೆ ಕಂಪನಿಯವರು ಅವರನ್ನು ಎಲ್ಲೋ ಒಂದು ವಾರದ ಟ್ರೈನಿಂಗಿಗೆ ಕಳಿಸಿದ್ದರು. ಜನರಿಗೆ ಹುಮ್ಮಸ್ಸು ತುಂಬುವುದು ಹೇಗೆ ಎಂದು ಅಲ್ಲಿ ಹೇಳಿಕೊಟ್ಟಿದ್ದರಂತೆ. ಅದಾದ ಮೇಲೆ ಬಂದದ್ದೇ ಸ್ಟಾಫ್ ಡೇ.

ಮದುವೆಗಳು ನಡೆಯುವ ದೊಡ್ಡ ಹಾಲಿನಲ್ಲಿ ನೌಕರರೆಲ್ಲ ಕುರ್ಚಿ ಮೇಲೆ ಕೂತಿದ್ದರು. ವೇದಿಕೆಯಲ್ಲಿ ಹೆಡ್ ಆಫೀಸಿನಿಂದ ಬಂದ ದೊಡ್ಡವರು. ಕಿರಣಕುಮಾರ್ ಮೈಕು ಹಿಡಿದು, ಕಣ್ಣು ಅರ್ಧ ಮುಚ್ಚಿ, ಶುರು ಮಾಡಿದರು.

"ಸ್ನೇಹಿತರೇ, ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ನನ್ನನ್ನು ನಾನೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇವತ್ತು ನಾನು ಟವೆಲ್ಲೋ, ಕರ್ಚೀಫೋ?"

ಪೀರಮ್ಮ ತಲೆ ಎತ್ತಿದಳು. ಅವತ್ತು ಬೆಳಿಗ್ಗೆಯಿಂದ ಅವಳು ಮಶೀನಿಗೆ ಹಾಕಿದ್ದೆಲ್ಲ ಟವೆಲ್ಲೇ.

"ಕರ್ಚೀಫು ಒಬ್ಬನ ಕಣ್ಣೀರು ಮಾತ್ರ ಒರೆಸುತ್ತದೆ. ಟವೆಲ್ಲು ಇಡೀ ಮನುಷ್ಯನನ್ನೇ ಒರೆಸುತ್ತದೆ. ನಾನು ನಿಮ್ಮೆಲ್ಲರ ಟವೆಲ್ಲು. ನೀವೂ ಟವೆಲ್ಲಾಗಿ. ನಮ್ಮ ಅತಿಥಿಗಳನ್ನು ಅಪ್ಪಿಕೊಳ್ಳಿ, ಒದ್ದೆಯಾಗಿ, ಮತ್ತೆ ಒಣಗಿ."

ಜಿಎಂ ಸಾಹೇಬರನ್ನು ನಾಲ್ಕು ಮಡಿಕೆ ಮಾಡಿ ಟ್ರಾಲಿಯಲ್ಲಿ ಇಟ್ಟ ಹಾಗೆ ಪೀರಮ್ಮನ ಕಣ್ಣಿಗೆ ಕಟ್ಟಿತು. ಮೂಗು ಒತ್ತಿಕೊಂಡಳು. ಪಕ್ಕದಲ್ಲಿ ಕೂತಿದ್ದ ವಾಜಿದಾಗೆ ಅದು ಕಂಡಿತು. ಗಾಬರಿಯಾದಾಗ ವಾಜಿದಾಳ ಬಾಯಿಗೆ ಬರುವುದು ಮನೆಯಲ್ಲಿ ಆಡುವ ದಖ್ಖನಿಯೇ. ಪೀರಮ್ಮನ ಮುಂಗೈ ಗಟ್ಟಿಯಾಗಿ ಹಿಡಿದು, "ನಕ್ಕೋ, ಪೀರಮ್ಮ, ನಕ್ಕೋ ನಕ್ಕೋ" ಎಂದಳು. ನಕ್ಕೋ ಎಂದರೆ ಅವಳ ಭಾಷೆಯಲ್ಲಿ ಬೇಡ ಎಂದರ್ಥ. ಪೀರಮ್ಮನ ಊರಿನಲ್ಲೂ ದಖ್ಖನಿ ಆಡುವವರಿದ್ದರು. ಅವಳಿಗೆ ಮಾತು ಅರ್ಥವಾಯಿತು. ನಗುವಿಗೆ ಅರ್ಥವಾಗಲಿಲ್ಲ.

ಬಿಕ್ಕಳಿಕೆ ಬಂತು, ಎಳೆತ ಬಂತು, ಬಾಗುವುದೂ ಆಯಿತು. ಅದುವರೆಗೆ ಕೆನ್ನೆ ಕಚ್ಚಿಕೊಂಡು ಕೂತಿದ್ದ ಅಡುಗೆಯವರು, ರೂಮ್ ಬಾಯ್‌ಗಳು, ಗೇಟಿನ ಸೆಕ್ಯುರಿಟಿಯವರು ಎಲ್ಲರಿಗೂ ಅಪ್ಪಣೆ ಸಿಕ್ಕಂತಾಯಿತು. ಹಾಲ್‌ಗೆ ಹಾಲೇ ನಕ್ಕಿತು. ಹೆಡ್ ಆಫೀಸಿನವರು ಕೂಡ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಕಿರಣಕುಮಾರ್ ಮೈಕು ಹಿಡಿದುಕೊಂಡೇ ನಿಂತಿದ್ದರು. ಅವರ ಕಿವಿ ಕೆಂಪಾಗಿತ್ತು.

ಮಾರನೆಯ ವಾರ ಪೀರಮ್ಮನ ಕೈಗೆ ಚಾರ್ಜ್‌ಶೀಟ್ ಬಂತು. ಮೇಲಧಿಕಾರಿಗೆ ಅಗೌರವ ಒಂದು, ಹೋಟೆಲಿನ ಘನತೆಗೆ ಕುಂದು ಇನ್ನೊಂದು. ಮೂರನೆಯದನ್ನು ಓದಿ ಹೇಳಿದಾಗ ಪೀರಮ್ಮ ಬೆಪ್ಪಾದಳು. "ನಕ್ಕೋ ನಕ್ಕೋ ಎಂದು ಕೂಗಿ ಇತರ ನೌಕರರನ್ನೂ ನಗುವಂತೆ ಪ್ರಚೋದಿಸಿದ್ದು."

ಆದದ್ದು ಇಷ್ಟು. ಅವರ ಮುಂದಿನ ಸಾಲಿನಲ್ಲಿ ಎಚ್‌ಆರ್ ವಿಭಾಗದ ಪ್ರಿಯದರ್ಶಿನಿ ಕೂತಿದ್ದಳು. ತಿಪಟೂರಿನ ಹುಡುಗಿ, ದಖ್ಖನಿ ಕಿವಿಗೆ ಬೀಳುವ ಕ್ಯಾಂಟೋನ್ಮೆಂಟಿಗೆ ಹೊಸಬಳು. ಬೆನ್ನ ಹಿಂದಿನಿಂದ ಬಂದ ನಕ್ಕೋ ಅವಳ ಕಿವಿಗೆ ಶುದ್ಧ ಕನ್ನಡದ ನಕ್ಕೋ ಆಗಿಯೇ ಬಿದ್ದಿತ್ತು. ನಗು, ಚೆನ್ನಾಗಿ ನಕ್ಕುಬಿಡು ಎಂಬಂತೆ. ತಿರುಗಿ ನೋಡಿದಾಗ ಪೀರಮ್ಮ ಬಾಯಿ ತೆರೆದುಕೊಂಡಿದ್ದಳು. ಅಂದವಳು ಅವಳೇ ಎಂದು ಬರೆದುಕೊಟ್ಟಳು.

ಹೋಟೆಲಿನವರೇ ನೇಮಿಸಿದ ಅಧಿಕಾರಿ ವಿಚಾರಣೆ ನಡೆಸಿದರು. "ನಾ ಹಂಗ ಅಂದಿಲ್ರಿ" ಎಂದಳು ಪೀರಮ್ಮ.

"ಮತ್ತೆ ಯಾರಮ್ಮ ಅಂದಿದ್ದು?"

ಪೀರಮ್ಮ ಹೆಸರು ಹೇಳಲಿಲ್ಲ. ವಾಜಿದಾಳ ಕೆಲಸ ಆಗಷ್ಟೇ ಪರ್ಮನೆಂಟ್ ಆಗಿತ್ತು. ಹಿಂದಿನ ದಿನ ಮಶೀನಿನ ಮುಂದೆ ವಾಜಿದಾ, "ನಾನೇ ಹೇಳ್ಬಿಡ್ತೀನಿ, ಅದು ನನ್ನ ಮಾತು" ಎಂದು ಕಣ್ಣೊರೆಸಿಕೊಂಡಿದ್ದಳು. "ನಕ್ಕೋ, ವಾಜಿದಾ" ಎಂದಿದ್ದಳು ಪೀರಮ್ಮ. ಅಂದಮೇಲೆ ತಾನೂ ಆ ಮಾತನ್ನು ಆಡಿಬಿಟ್ಟೆನಲ್ಲ ಎಂದು ನೆನಪಾಗಿ, ಅಷ್ಟು ದುಃಖದ ನಡುವೆಯೂ ಇಬ್ಬರಿಗೂ ನಗು ತಡೆಯಲಿಲ್ಲ.

ಮೂರು ಆರೋಪವೂ ರುಜುವಾಯಿತು ಎಂದು ವಿಚಾರಣಾಧಿಕಾರಿ ಬರೆದರು. ಪೀರಮ್ಮನನ್ನು ಕೆಲಸದಿಂದ ವಜಾ ಮಾಡಿದರು.

ಅವತ್ತು ಸಂಜೆ ಅವಳು ಹಂಪಣ್ಣನಿಗೆ ವಿಷಯ ಹೇಳಿದಳು. ಹಂಪಣ್ಣ ಕೈಗೆ ಅಂಟಿದ ಬಿಳಿ ಸಿಮೆಂಟು ಕೆರೆಯುತ್ತ ಪೂರ್ತಿ ಕೇಳಿಸಿಕೊಂಡ.

"ಅವ್ರು ಖರೇನೆ ಟವೆಲ್ ಅಂದ್ರಾ?"

"ಖರೇನೆ."

ಹಂಪಣ್ಣ ಉಗುರಿನ ಸಂದಿಯ ಸಿಮೆಂಟನ್ನೂ ಕೆರೆದು ಮುಗಿಸಿದ. "ಹಂಗಾದ್ರ ನಿಂದೇನ ತಪ್ಪಿಲ್ಲ" ಎಂದ. ನಗಲಿಲ್ಲ. ಆದರೆ ಆ ಮಾತು ಹಂಪಣ್ಣನಿಂದ ಬಂದದ್ದರಿಂದ ಪೀರಮ್ಮನಿಗೆ ಅದರ ತೂಕವೇ ಬೇರೆ.

ಅವಳು ಕಮ್ಮನಹಳ್ಳಿಯ ಒಂದು ಅಪಾರ್ಟ್‌ಮೆಂಟಿನ ಗೇಟಿನ ಪಕ್ಕ ಇಸ್ತ್ರಿ ಮೇಜು ಹಾಕಿಕೊಂಡಳು. ಗಿರಾಕಿಗಳಿಗೇನೂ ಬರವಿರಲಿಲ್ಲ. ಆದರೂ ನಕ್ಕಿದ್ದಕ್ಕೆ ಕೆಲಸ ಹೋಯಿತು ಎಂದು ಯಾರಿಗಾದರೂ ಹೇಳಬೇಕಾಗಿ ಬಂದಾಗ ಅವಳಿಗೆ ಒಳಗೊಳಗೇ ಅವಮಾನವಾಗುತ್ತಿತ್ತು. ಕದ್ದು ಕೆಲಸ ಕಳೆದುಕೊಂಡವಳನ್ನು ಜನ ಬೈಯುತ್ತಾರೆ. ನಕ್ಕು ಕೆಲಸ ಕಳೆದುಕೊಂಡವಳನ್ನು ನೋಡಿ ಅವರಿಗೂ ನಗು. ಒಂದು ದಿನ ಮಧ್ಯಾಹ್ನ ಇಸ್ತ್ರಿಪೆಟ್ಟಿಗೆಗೆ ಕೆಂಡ ಹಾಕುತ್ತಿದ್ದಾಗ ಅವಳಿಗೆ ತಟ್ಟನೆ ಹೊಳೆಯಿತು, ತಾನು ಗಟ್ಟಿಯಾಗಿ ನಕ್ಕು ಒಂದು ವಾರದ ಮೇಲಾಗಿದೆ ಎಂದು. ಅದು ಕೆಲಸ ಹೋದದ್ದಕ್ಕಿಂತ ಹೆಚ್ಚು ಹೆದರಿಕೆ ತಂದಿತು.

ಹೋಟೆಲ್ ನೌಕರರ ಯೂನಿಯನ್ನಿನ ಕಾರ್ಯದರ್ಶಿ ಸುಗತ ಬಂದದ್ದು ಆಗಲೇ. ಗಡ್ಡ, ಹಳೇ ಸ್ಕೂಟರು, ಎಷ್ಟೇ ದೊಡ್ಡ ವಿಷಯವನ್ನೂ ಟೀ ಕುಡಿಯುತ್ತ ಹೇಳುವ ಅಭ್ಯಾಸ. "ಲೇಬರ್ ಕೋರ್ಟಿಗೆ ಹೋದ್ರೆ ವರ್ಷಗಟ್ಟಲೆ ಎಳೆಯುತ್ತೆ ಪೀರಮ್ಮ. ಇನ್ನೊಂದು ದಾರಿ ಇದೆ. ನಾವೂ ಮ್ಯಾನೇಜ್‌ಮೆಂಟೂ ಸೇರಿ ಒಬ್ಬ ಮಧ್ಯಸ್ಥರನ್ನ ಒಪ್ಪಿಕೊಳ್ಳೋದು. ಅವರು ಎರಡೂ ಕಡೆ ಕೇಳಿ ತೀರ್ಮಾನ ಕೊಡ್ತಾರೆ. ಅದೂ ಕಾನೂನಿನಲ್ಲೇ ಇದೆ. ಮದುವೆ ಸೀಜನ್ ಬರ್ತಿದೆ, ಯೂನಿಯನ್ ಜೊತೆ ಜಗಳ ಅವರಿಗೂ ಬೇಡ."

ಹೋಟೆಲಿನವರು ಒಪ್ಪಿದರು. ಒಪ್ಪುವ ಮೊದಲು ಒಂದು ಸಂದೇಶ ಕಳಿಸಿದ್ದರು. ಕ್ಷಮಾಪಣೆ ಬರೆದುಕೊಟ್ಟು, ಇನ್ನು ಮುಂದೆ ಹೋಟೆಲಿನ ಆವರಣದಲ್ಲಿ ನಗುವುದಿಲ್ಲ ಎಂದು ಒಂದು ಸಾಲು ಸೇರಿಸಿದರೆ ಕೆಲಸ ವಾಪಸ್.

ಪೀರಮ್ಮ ಯೋಚಿಸಿದಳು. ನಿಜಕ್ಕೂ ಯೋಚಿಸಿದಳು. ಅರ್ಧ ಅಂಗಿ ಇಸ್ತ್ರಿ ಮಾಡಿ, ಉಳಿದರ್ಧ ಹಾಗೇ ಬಿಟ್ಟು, ಸುಗತನ ಕಡೆ ತಿರುಗಿದಳು.

"ಕ್ಷಮಾ ಕೇಳ್ತೀನ್ರಿ. ಆ ಮನುಷ್ಯಾಗ ನೋವಾಗಿದ್ದು ಖರೆ. ಆದ್ರ ನಗಂಗಿಲ್ಲ ಅಂತ ಬರೆದುಕೊಡಾಕ ಬರಲ್ರಿ. ಸುಳ್ಳಾಗ್ತದ. ಎರಡೇ ದಿನದಾಗ ಮತ್ತ ಸಿಗಬೀಳ್ತೀನಿ."

ಮಧ್ಯಸ್ಥರಾಗಿ ಎರಡೂ ಕಡೆಯವರು ಒಪ್ಪಿದ್ದು ನಿವೃತ್ತ ಜಡ್ಜ್ ಹಂಸ ಅವರನ್ನು. ಇಂದಿರಾನಗರದಲ್ಲಿ ಅವರ ಮನೆ, ಕೆಳಗಿನ ಕೋಣೆಯಲ್ಲಿ ವಿಚಾರಣೆ. ಬಾಗಿಲ ಹೊರಗೆ ಚಪ್ಪಲಿ ಬಿಡಬೇಕಿತ್ತು. ಹೋಟೆಲಿನ ವಕೀಲರು ಬೂಟಿನ ಲೇಸು ಬಿಚ್ಚಲು ಬಗ್ಗಿದ್ದನ್ನು ನೋಡಿ ಪೀರಮ್ಮನಿಗೆ ಸ್ವಲ್ಪ ಧೈರ್ಯ ಬಂತು.

ಮೊದಲ ಸಾಕ್ಷಿ ಪ್ರಿಯದರ್ಶಿನಿ. ನಕ್ಕೋ ನಕ್ಕೋ ಎಂದು ಕೇಳಿಸಿತು, ತಿರುಗಿ ನೋಡಿದೆ, ಪೀರಮ್ಮ ನಗುತ್ತಿದ್ದರು, ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಹಂಸ ಅವರು ಕೇಳಿದರು, "ಹಾಲಿನಲ್ಲಿ ಎಲ್ಲರೂ ನಕ್ಕರು ಅಂತೀರಿ. ನೀವು?"

"ನಾನು... ಕೆಮ್ಮಿದೆ ಮೇಡಂ."

"ಜೋರಾಗಿ?"

"ಸ್ವಲ್ಪ ಜೋರಾಗೇ, ಮೇಡಂ."

ಹಂಸ ಅವರು ಅದನ್ನೂ ಬರೆದುಕೊಂಡರು.

ಎರಡನೆಯ ಸಲ ಸೇರಿದಾಗ ಬಾಗಿಲಲ್ಲಿ ಬುರ್ಖಾ ತೊಟ್ಟು ನಿಂತಿದ್ದವಳು ವಾಜಿದಾ. ಯಾರೂ ಅವಳನ್ನು ಕರೆದಿರಲಿಲ್ಲ. ಪೀರಮ್ಮ ಎದ್ದು ಹೋಗಿ, ಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಿದಳು.

"ನೀನು ಸುಮ್ನಿರು" ಎಂದಳು ವಾಜಿದಾ. "ಯಾಸಿರ್ ಹತ್ರ ಮಾತಾಡಿದೀನಿ. ಕೆಲಸ ಹೋದ್ರೆ ಹೋಗ್ಲಿ ಅಂದ್ರು. ನಾನು ಆಡಿದ ಮಾತಿಗೆ ನೀನ್ ಯಾಕೆ ಕೆಲಸ ಕಳ್ಕೋಬೇಕು?"

ಒಳಗೆ ಬಂದು ಕೂತು, ಆ ಮಾತು ಆಡಿದ್ದು ತಾನು, ತನ್ನ ಭಾಷೆಯಲ್ಲಿ ಅದರ ಅರ್ಥ ಬೇಡ ಎಂದು, ನಗಬೇಡ ಎನ್ನಲಿಕ್ಕೇ ಹಾಗೆಂದೆ ಎಂದು ಹೇಳಿದಳು. ಹೋಟೆಲಿನ ವಕೀಲರು ಇದು ಗೆಳತಿಯನ್ನು ಉಳಿಸಲು ಈಗ ಕಟ್ಟಿದ ಕತೆ ಎಂದರು. ಕನ್ನಡದ ಊರಿನಲ್ಲಿ, ಕನ್ನಡದ ಹೆಂಗಸಿನ ಜೊತೆ, ಕನ್ನಡದ ಮಾತೇ ಆಡಿರಬೇಕು ಎಂದರು.

ಹಂಸ ಅವರು ಪ್ರಿಯದರ್ಶಿನಿಯನ್ನು ಮತ್ತೆ ಕರೆಸಿದರು. "ನೀವು ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಹೋಗಿದೀರಾ?"

"ಹೋಗಿದೀನಿ ಮೇಡಂ. ಹಣ್ಣು ತರೋಕೆ."

"ರೇಟು ಜಾಸ್ತಿ ಹೇಳಿದಾಗ ಅಲ್ಲಿನ ಹೆಂಗಸರು ಏನಂತಾರೆ?"

ಪ್ರಿಯದರ್ಶಿನಿ ನೆನಪು ಮಾಡಿಕೊಂಡಳು. "ನಕ್ಕೋ ಭಾಯ್ ಅಂತ ಹೇಳಿ ಮುಂದಕ್ಕೆ..." ಅಷ್ಟಕ್ಕೇ ನಿಂತುಬಿಟ್ಟಳು. ಅವಳು ವಾಜಿದಾಳ ಮುಖ ನೋಡಿದಳು, ಆಮೇಲೆ ಹೋಟೆಲಿನ ವಕೀಲರ ಮುಖ. ಆ ಹುಡುಗಿಗೂ ಕೆಲಸ ಬೇಕಿತ್ತು.

"ಮೇಡಂ, ಪದ ನನ್ನ ಕಿವಿಗೆ ಬಿದ್ದಿದ್ದು ನಿಜ. ಅರ್ಥ ನಾನು ಹಾಕ್ಕೊಂಡಿದ್ದು. ಯಾರು ಅಂದಿದ್ದು ಅಂತಾನೂ ನೋಡಿಲ್ಲ. ನಗ್ತಿದ್ದೋರು ಇವರು ಅಂತ ಇವರ ಹೆಸರು ಬರೆದೆ."

ಕೊನೆಯಲ್ಲಿ ಹಂಸ ಅವರು ಪೀರಮ್ಮನನ್ನು ಕೇಳಿದರು. "ಯಾಕೆ ನಕ್ಕಿರಿ?"

"ನಗು ಬಂತ್ರಿ ಮೇಡಂ."

"ಅವರನ್ನ ಹೀಯಾಳಿಸಬೇಕು ಅಂತಲಾ?"

"ಹೀಯಾಳಿಸೋದಕ್ಕ ಯೋಚನಿ ಮಾಡಬೇಕಲ್ರಿ. ಅಷ್ಟು ಟೈಮ್ ಇರಲಿಲ್ರಿ."

ಕೆಲವು ತಿಂಗಳಲ್ಲಿ ಹಂಸ ಅವರ ತೀರ್ಮಾನ ಬಂತು. ಪ್ರಚೋದನೆಯ ಆರೋಪ ಸಾಬೀತಾಗಿಲ್ಲ. ನಕ್ಕದ್ದು ಸಾಬೀತಾಗಿದೆ, ಆದರೆ ಹೋಟೆಲಿನ ನಿಯಮಗಳಲ್ಲಿ ತಪ್ಪು ಎಂದು ಬರೆದಿರುವುದರಲ್ಲಿ ನಗು ಇಲ್ಲ. ತಪ್ಪೆಂದೇ ಇಟ್ಟುಕೊಂಡರೂ ಅದಕ್ಕೆ ವಜಾ ಎಂಬ ಶಿಕ್ಷೆ ಅತಿಯಾಯಿತು. ಪೀರಮ್ಮನನ್ನು ಹಿಂದಿನ ಸೇವೆ ಮುರಿಯದಂತೆ ಕೆಲಸಕ್ಕೆ ತೆಗೆದುಕೊಳ್ಳಬೇಕು, ಹೊರಗಿದ್ದ ಅವಧಿಗೆ ಅರ್ಧ ಸಂಬಳ ಕೊಡಬೇಕು.

ಸುಗತ ಫೋನ್ ಮಾಡಿ, "ಪೀರಮ್ಮ, ಅವಾರ್ಡ್ ನಮ್ಮ ಕಡೆ ಆಯ್ತು" ಎಂದ. ಕೋರ್ಟಿನವರ ಮಾತಿನಲ್ಲಿ ಇಂಥ ತೀರ್ಮಾನಕ್ಕೆ ಅವಾರ್ಡ್ ಎನ್ನುತ್ತಾರೆ. ಪೀರಮ್ಮ ಅದನ್ನು ಹಾಗೇ ವಠಾರದಲ್ಲಿ ಹೇಳಿದಳು. ಮನೆ ಒಡತಿ ಮುನಿಶಾಮಮ್ಮ ಮೇಲಿನ ಮಹಡಿಯಿಂದ ಇಳಿದೇ ಬಂದರು.

"ಅವಾರ್ಡ್ ಬಂತಂತೆ? ಏನಕ್ಕೆ ಕೊಟ್ರಮ್ಮ?"

"ನಕ್ಕಿದ್ದಕ್ಕರಿ."

"ನಕ್ಕಿದ್ದಕ್ಕೂ ಕೊಡ್ತಾರಾ? ಶಾಲು ಹೊದಿಸಿದ್ರಾ?"

ಪೀರಮ್ಮ ಎಷ್ಟು ಬಿಡಿಸಿ ಹೇಳಿದರೂ ಮುನಿಶಾಮಮ್ಮನ ತಲೆಯಿಂದ ಶಾಲು ಹೋಗಲಿಲ್ಲ. ಬೀದಿಯಲ್ಲಿ ಅದು ಬೆಳೆಯಿತು. ದಿನಸಿ ಅಂಗಡಿಯವರು ಕೈ ಮುಗಿದರು. ಮೂಲೆಮನೆಯವರು ಫೋಟೋ ತೋರಿಸಿ ಎಂದರು. ಇದಾದ ಹದಿನೈದು ದಿನಕ್ಕೇ ಹೋಟೆಲಿನವರು ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿ, ಅವಾರ್ಡಿಗೆ ತಡೆ ತಂದರು ಎಂಬ ಸುದ್ದಿಯೂ ಬಂತು. ಮುನಿಶಾಮಮ್ಮನಿಗೆ ಬಂದ ಸಿಟ್ಟು ಪೀರಮ್ಮನಿಗೂ ಬಂದಿರಲಿಲ್ಲ. "ಕೊಟ್ಟ ಅವಾರ್ಡನ್ನ ವಾಪಸ್ ಕೇಳ್ತಾರಾ? ಮಾನ ಮರ್ಯಾದೆ ಬೇಡ್ವಾ ಅವರಿಗೆ?" ಎಂದು ಒಂದು ವಾರ ಬೈದರು.

ಮತ್ತೆ ಇಸ್ತ್ರಿ ಮೇಜು. ಮತ್ತೆ ಕಾಯುವುದು. ಈ ವಿದ್ಯೆಯಲ್ಲಿ ಹಂಪಣ್ಣ ಗುರು. "ಸಿಮೆಂಟ್ ಹಸಿ ಇದ್ದಾಗ ಮ್ಯಾಲ ನಿಂತ್ರ ಟೈಲ್ ಅಲ್ಲಾಡ್ತದ" ಎಂದು ಅವನು ಹೇಳಿದ. ಇದರ ಅರ್ಥವೇನೆಂದು ಪೀರಮ್ಮ ಕೇಳಲಿಲ್ಲ. ಅವನು ಹೇಳಿದ ರೀತಿಗೇ ಸಮಾಧಾನವಾಯಿತು.

ಅಂತೂ ಕೇಸು ಕೂಗುವ ದಿನ ಬಂತು. ಪೀರಮ್ಮ, ಹಂಪಣ್ಣ, ಸುಗತ ಹಲಸೂರಿನಲ್ಲಿ ಮೆಟ್ರೋ ಹತ್ತಿ ವಿಧಾನಸೌಧದ ಸ್ಟೇಷನ್ನಿನಲ್ಲಿ ಇಳಿದರು. ಹೈಕೋರ್ಟಿನ ಕೆಂಪು ಕಟ್ಟಡದ ಉದ್ದನೆಯ ಮೊಗಸಾಲೆಯಲ್ಲಿ ಕರಿ ಕೋಟುಗಳ ನಡುವೆ ಸುಗತ ಅವಳನ್ನು ನಿಲ್ಲಿಸಿ, ಟೀ ಇಲ್ಲದೆಯೇ ಒಂದು ಮಾತು ಹೇಳಿದ. "ಪೀರಮ್ಮ, ಒಳಗೆ ಏನೇ ಆಗ್ಲಿ, ನಗಬೇಡಿ. ಇಲ್ಲಿ ನಕ್ಕರೆ ಇಷ್ಟು ದಿನ ಮಾಡಿದ್ದೆಲ್ಲ ನೀರಿಗೆ ಹಾಕಿದ ಹಾಗೆ."

ವಾದ ಇಂಗ್ಲಿಷಿನಲ್ಲಿ ನಡೆಯಿತು. ಸುಗತ ಕಿವಿಯಲ್ಲಿ ಹೇಳುತ್ತಿದ್ದ. ಹೋಟೆಲಿನ ಪರವಾಗಿ ಬಂದಿದ್ದವರು ಹಿರಿಯ ವಕೀಲರು, ಬೆಳ್ಳಿ ಕೂದಲು, ಗಂಭೀರ ಧ್ವನಿ. ನಕ್ಕೋ ಎಂಬ ಪದಕ್ಕೆ ಕನ್ನಡದ ಅರ್ಥವೂ ಇದೆ, ಮಧ್ಯಸ್ಥರು ಅದನ್ನು ಬಿಟ್ಟು ದಖ್ಖನಿಯ ಅರ್ಥ ಹಿಡಿದರು ಎಂದರು.

ಜಡ್ಜರು ಕೇಳಿದರು, "ಎರಡು ಅರ್ಥ ಇದೆ ಅಂತ ನೀವೇ ಒಪ್ಪುತ್ತೀರಿ. ಸಾಕ್ಷಿಗಳ ಮುಖ ನೋಡಿದವರು ಅವರು. ಅವರು ಒಂದು ಅರ್ಥ ಹಿಡಿದರು. ನಿಮಗೆ ಇನ್ನೊಂದು ಇಷ್ಟ ಅಂತ ನಾನು ಬದಲಾಯಿಸಬೇಕಾ?"

ವಕೀಲರು ಆ ದಾರಿ ಬಿಟ್ಟು ಇನ್ನೊಂದು ಹಿಡಿದರು. ಜಿಎಂ ಮಾಡಿದ್ದು ಗಂಭೀರವಾದ ಭಾಷಣ. ಬುದ್ಧಿ ನೆಟ್ಟಗಿರುವ ಯಾರೂ ಅದಕ್ಕೆ ನಗಲು ಸಾಧ್ಯವೇ ಇಲ್ಲ. ಆದ್ದರಿಂದ ನಗು ಬೇಕೆಂದೇ ನಕ್ಕದ್ದು. ಮಧ್ಯಸ್ಥರು ಆ ಭಾಷಣವನ್ನು ಕಣ್ಣೆತ್ತಿಯೂ ನೋಡಿಲ್ಲ ಎಂದರು.

"ಭಾಷಣ ದಾಖಲೆಯಲ್ಲಿ ಇದೆಯಾ?"

"ಇದೆ ಸ್ವಾಮಿ."

"ಓದಿ."

ಹಿರಿಯ ವಕೀಲರು ಕನ್ನಡಕ ಏರಿಸಿಕೊಂಡರು. ಭಾಷಣ ಕನ್ನಡದಲ್ಲಿತ್ತು. ಸಾವಿನ ಸುದ್ದಿ ಓದುವ ಧ್ವನಿಯಲ್ಲಿ, ಒಂದೊಂದೇ ಪದ ಬಿಡಿಸಿ, ಅವರು ಓದಿದರು. "ಇವತ್ತು ನಾನು ಟವೆಲ್ಲೋ, ಕರ್ಚೀಫೋ."

ಮೊದಲು ಹಿಂದಿನ ಬೆಂಚಿನಲ್ಲಿ ಒಬ್ಬ ಜೂನಿಯರ್ ವಕೀಲೆ ಫೈಲಿನ ಹಿಂದೆ ಮುಖ ಮರೆಸಿಕೊಂಡಳು. "ಟವೆಲ್ಲು ಇಡೀ ಮನುಷ್ಯನನ್ನೇ ಒರೆಸುತ್ತದೆ" ಎನ್ನುವಷ್ಟರಲ್ಲಿ ಕಂಬದ ಪಕ್ಕ ನಿಂತಿದ್ದ ಪೊಲೀಸ್ ಪೇದೆ ಗೋಡೆ ಕಡೆ ತಿರುಗಿದ್ದ. "ಒದ್ದೆಯಾಗಿ, ಮತ್ತೆ ಒಣಗಿ" ಎಂಬಲ್ಲಿಗೆ ಬಂದಾಗ ಕೋರ್ಟ್ ಹಾಲಿನ ತುಂಬ ಕೆಮ್ಮು. ಬೇರೆ ಕೇಸಿಗೆ ಬಂದಿದ್ದವರೂ ಕೆಮ್ಮಿದರು. ಜಡ್ಜರು ನೀರಿನ ಲೋಟ ಎತ್ತಿ, ಬಾಯಿಗಿಟ್ಟು, ಬಹಳ ಹೊತ್ತು ಇಳಿಸಲಿಲ್ಲ.

ಪೀರಮ್ಮ ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಬಿಕ್ಕಳಿಕೆ ಗಂಟಲವರೆಗೆ ಬಂದಾಗಿತ್ತು. ತಡೆಯಲಾರದೆ ಮುಖ ಪಕ್ಕಕ್ಕೆ ತಿರುಗಿಸಿದಾಗ, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಒಬ್ಬರೇ ಕೂತಿದ್ದ ಕಿರಣಕುಮಾರ್ ಕಂಡರು. ಮೊಣಕಾಲ ಮೇಲೆ ಎರಡು ಕೈ ಇಟ್ಟುಕೊಂಡು, ತರಗತಿಯಿಂದ ಹೊರಗೆ ನಿಲ್ಲಿಸಿದ ಹುಡುಗನ ಹಾಗೆ ನೆಲ ನೋಡುತ್ತಿದ್ದರು. ಕಿವಿ ಅವತ್ತಿನ ಹಾಗೇ ಕೆಂಪು. ಪೀರಮ್ಮನ ನಗು ಗಂಟಲಿನಲ್ಲೇ ಕರಗಿತು. ಜೀವನದಲ್ಲಿ ಮೊದಲ ಸಲ, ಬಂದ ನಗು ಹಾಗೇ ವಾಪಸ್ ಹೋಯಿತು. ಓದುತ್ತಿದ್ದ ವಕೀಲರನ್ನೂ ಕಿರಣಕುಮಾರರನ್ನೂ ಬಿಟ್ಟರೆ ಆ ಹಾಲಿನಲ್ಲಿ ಮುಖ ನೆಟ್ಟಗಿದ್ದವರು ಇಬ್ಬರೇ, ಅವಳ ಗಂಡ ಮತ್ತು ಅವಳು. ಹಂಪಣ್ಣನದು ಲೆಕ್ಕಕ್ಕಿಲ್ಲ.

ಲೋಟ ಕೆಳಗಿಟ್ಟ ಮೇಲೆ ಜಡ್ಜರು ಮಾತಾಡಿದರು. ಪೀರಮ್ಮನ ಕಡೆ ನೋಡಿ ಸ್ವಲ್ಪ ಕನ್ನಡದಲ್ಲೇ ಹೇಳಿದರು. "ನಾನು ಇಲ್ಲಿ ಅಪೀಲು ಕೇಳ್ತಾ ಕೂತಿಲ್ಲ. ಮಧ್ಯಸ್ಥರು ಇಲ್ಲದ ಸಾಕ್ಷ್ಯ ಹುಟ್ಟಿಸಿದ್ರಾ, ಇದ್ದದ್ದನ್ನ ನೋಡದೆ ಬಿಟ್ರಾ, ತಲೆ ಬುಡ ಇಲ್ಲದ ತೀರ್ಮಾನಕ್ಕೆ ಬಂದ್ರಾ, ಇಷ್ಟು ಮಾತ್ರ ನೋಡೋದು ನನ್ನ ಕೆಲಸ. ಅಂಥದ್ದು ಏನೂ ಕಾಣಲಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ರೆ ಈಯಮ್ಮನಿಗೆ ಒಂದು ಎಚ್ಚರಿಕೆ ಕೊಟ್ಟು ಕೆಲಸಕ್ಕೆ ಕಳಿಸ್ತಿದ್ದೆನೋ ಏನೋ. ಆದರೆ ನಾನು ಅವರ ಜಾಗದಲ್ಲಿಲ್ಲ." ಹೋಟೆಲಿನ ಅರ್ಜಿ ವಜಾ ಆಯಿತು.

ಹೊರಗೆ ಬಂದು ಸುಗತ ಕೈ ಕುಲುಕಿದ. ಪೀರಮ್ಮನ ಮುಖದಲ್ಲಿ ಅವನು ಕಾಯುತ್ತಿದ್ದ ಸಂತೋಷ ಕಾಣಲಿಲ್ಲ.

"ನಾ ನಕ್ಕಿದ್ದು ತಪ್ಪಲ್ಲ ಅಂತ ಅವ್ರು ಅಂದ್ರಾ?"

"ಹಾಗೆ ಅನ್ನಲಿಲ್ಲ. ಹಂಸ ಮೇಡಂ ಹಾಗಂದಿದ್ದು ತಪ್ಪಲ್ಲ ಅಂದ್ರು."

"ಅಂದ್ರ ಎಚ್ಚರಿಕಿ ಕೊಡ್ತಿದ್ರು."

"ಕೊಡ್ತಿದ್ರೇನೋ. ಕೊಡೋಕೆ ಬರಲ್ಲ ಅಂತ ಅವರೇ ಅಂದ್ರಲ್ಲ ಪೀರಮ್ಮ. ತನಗೆ ಬೇರೆ ಅನ್ನಿಸಿದ್ರೂ ಕೈ ಹಾಕಲಿಲ್ಲ. ಅದೇ ದೊಡ್ಡದು."

ಪೀರಮ್ಮ ಆ ಮಾತನ್ನು ಮೆಟ್ರೋ ಸ್ಟೇಷನ್ನಿನವರೆಗೂ ಅಗಿಯುತ್ತ ನಡೆದಳು. ಟ್ರೈನು ಟ್ರಿನಿಟಿ ದಾಟುವಾಗ ಹಂಪಣ್ಣನನ್ನು ಕೇಳಿದಳು. "ನೀ ಕೂಡಿಸಿದ ಟೈಲ್ಸು ಇನ್ನೊಬ್ಬ ಮೇಸ್ತ್ರಿ ನೋಡ್ತಾನ. ಅವಂಗ ಬ್ಯಾರೆ ಡಿಸೈನ್ ಬೇಕಾಗಿತ್ತು. ಕೀಳ್ತಾನೇನು?"

"ನೆಟ್ಟಗ ಕುಂತಿದ್ರ ಯಾಕ ಕೀಳ್ತಾನ" ಎಂದ ಹಂಪಣ್ಣ.

ಅವಳಿಗೆ ಅಷ್ಟು ಸಾಕಾಯಿತು.

ಮುಂದಿನ ತಿಂಗಳು ಪೀರಮ್ಮ ಹಿಂದಿನ ಗೇಟಿನಿಂದ ನೆಲಮಾಳಿಗೆಗೆ ಇಳಿದಳು. ವಾಜಿದಾ ಬೆಡ್‌ಶೀಟಿನ ಅಂಚು ಅವಳ ಕೈಗೆ ಕೊಟ್ಟಳು. ಮಧ್ಯಾಹ್ನದ ಊಟಕ್ಕೆ ಪ್ರಿಯದರ್ಶಿನಿ ಡಬ್ಬಿ ಹಿಡಿದುಕೊಂಡು ಅವರ ಜೊತೆ ಬಂದು ಕೂತಳು. ತಿಪಟೂರಿನ ಕೊಬ್ಬರಿ ಮಿಠಾಯಿ ತಂದಿದ್ದಳು. ವಾಜಿದಾ ಒಂದು ತಿಂದು, ಇನ್ನೊಂದು ಕೊಡಲು ಬಂದಾಗ ನಕ್ಕೋ ಎನ್ನಲು ಹೋಗಿ, ಬಾಯಿ ಮುಚ್ಚಿಕೊಂಡು, ಬೇಡ ಎಂದು ಕೈಯಾಡಿಸಿದಳು.

ಕೆಲವು ದಿನದ ಮೇಲೆ ಕಿರಣಕುಮಾರ್ ರೌಂಡ್ಸಿಗೆ ಕೆಳಗೆ ಬಂದರು. ಹೆಂಗಸರು ಮಶೀನು ನಿಲ್ಲಿಸಿದರು. ಬಿಸಿ ಉಗಿಯಲ್ಲಿ ಅವರ ಕನ್ನಡಕ ಮಂಜಾಯಿತು.

"ಆ ಭಾಷಣ ನಾನು ಬರೆದದ್ದಲ್ಲ" ಎಂದರು. "ಟ್ರೈನಿಂಗಿನಲ್ಲಿ ಕೊಟ್ಟಿದ್ದು. ಅಲ್ಲಿ ಯಾರೂ ನಕ್ಕಿರಲಿಲ್ಲ."

"ಅಲ್ಲಿ ಎಲ್ಲಾರೂ ಮ್ಯಾನೇಜರ್ರೇ ಇದ್ದಿರಬೇಕ್ರಿ ಸರ್."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಕೋರ್ಟಿನಲ್ಲಿ ಎಲ್ಲರೂ ನಕ್ಕರು. ನೀವು ನಗಲಿಲ್ಲ. ನಾನು ನೋಡಿದೆ."

"ನಿಮ್ಮ ಮುಖ ನೋಡಿ ನಗು ಬರಲಿಲ್ರಿ. ಅವತ್ತು ನೋವಾಗಿದ್ರ ತಪ್ಪಾಯ್ತ್ರಿ ಸರ್. ಬೇಕಂತ ನಕ್ಕಿದ್ದಲ್ಲ."

ಕಿರಣಕುಮಾರ್ ಬೆವರು ಒರೆಸಿಕೊಂಡು, ತಲೆ ಎತ್ತಿ, ಗೋಡೆಯ ದೊಡ್ಡ ಫ್ಯಾನು ನೋಡಿದರು. "ಇದು ತಿರುಗಲ್ವಾ?"

"ನಾ ಸೇರಿದಾಗಿಂದ ತಿರುಗಿಲ್ರಿ."

"ಯಾರೂ ಹೇಳಲಿಲ್ಲ?"

"ಹೇಳೀವ್ರಿ."

ಅವರು ತಲೆಯಾಡಿಸಿ ಮೇಲೆ ಹೋದರು. ಆ ವಾರವೇ ಹೊಸ ಫ್ಯಾನು ಬಂತು. ಎಂಥ ಗಾಳಿ ಎಂದರೆ ಮಡಿಸಿಟ್ಟ ದಿಂಬಿನ ಚೀಲಗಳು ಹಾರಿ ಹೋಗುತ್ತಿದ್ದವು. ಬೆವರಿಗೇ ಒಗ್ಗಿದ್ದ ಮೈಗೆ ಅದು ಹಿಡಿಸದೆ ವಾಜಿದಾಗೆ ಎರಡೇ ದಿನದಲ್ಲಿ ನೆಗಡಿಯಾಯಿತು. ಅವಳು ಒಂದು ವಾರ ರಜೆ ಹಾಕಿದಳು. ಆ ವಾರವೆಲ್ಲ ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿಯಲು ಪೀರಮ್ಮ ಸಿಕ್ಕಸಿಕ್ಕವರನ್ನೆಲ್ಲ ಕರೆಯಬೇಕಾಯಿತು.